ದೀಪ ಉರಿದರೂ ಎಂಜಿನ್ ತಿರುಗದಿದ್ದರೆ

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳು ಉರಿದರೂ ಬರೀ ಟಕ್ ಟಕ್ ಸದ್ದು ಬಂದು ಕಾರು ಸ್ಟಾರ್ಟ್ ಆಗುತ್ತಿಲ್ಲ, ಸ್ಟಾರ್ಟರ್ ಮೋಟಾರ್ ಬದಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬದಲಿಸಬೇಡಿ. ದೀಪಗಳಿಗೆ ಕೆಲವೇ ಆಂಪಿಯರ್ ಸಾಕು, ಆದರೆ ಸ್ಟಾರ್ಟರ್‌ಗೆ 100ಕ್ಕೂ ಹೆಚ್ಚು ಆಂಪಿಯರ್ ಬೇಕಾಗುವುದರಿಂದ, ದೀಪ ಉರಿದ ಮಾತ್ರಕ್ಕೆ ಬ್ಯಾಟರಿ ಸರಿಯಿದೆ ಎನ್ನಲಾಗದು. ಮೊದಲು ಬ್ಯಾಟರಿಯ ಟರ್ಮಿನಲ್‌ಗಳನ್ನು ನೋಡಿ: ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಇಲ್ಲವೇ ಕ್ಲ್ಯಾಂಪ್ ಕೈಯಲ್ಲಿ ಅಲುಗಾಡಿದರೆ, ನೆಗೆಟಿವ್ ಕೇಬಲ್ಲನ್ನು ಮೊದಲು ಬಿಚ್ಚಿ, ಎರಡನ್ನೂ ಚೆನ್ನಾಗಿ ಉಜ್ಜಿ ಬಿಗಿಯಾಗಿ ಕೂರಿಸಿ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಎಂಜಿನ್ ಆಫ್ ಆಗಿ ಗಾಡಿ ಸುಮ್ಮನೆ ನಿಂತಿರುವಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಕೀಲಿ ತಿರುಗಿಸಿದಾಗ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಚಾರ್ಜ್ ಇಳಿದಿದೆ ಅಥವಾ ಅದರ ಆಯುಸ್ಸು ಮುಗಿದಿದೆ. ವೋಲ್ಟೇಜ್ ಕುಸಿಯದೆ ಒಂದೇ ಒಂದು ಟಕ್ ಕೇಳಿಸಿದರೆ ಮಾತ್ರ ಸ್ಟಾರ್ಟರ್ ಮತ್ತು ಅದರ ಸೊಲೆನಾಯ್ಡ್ (ಸ್ಟಾರ್ಟರ್‌ಗೆ ವಿದ್ಯುತ್ ಹಾಯಿಸುವ ಸ್ವಿಚ್) ಪರೀಕ್ಷೆ ಮಾಡಿಸಿ.