ಕೃಪೆ ಎಲ್ಲಿ ಹೋಯಿತು ಎಂದು ಕೇಳಿದವರಿಗೆ

ನಮಸ್ಕಾರ. ವಿದೇಶದ ಬದುಕು ಹೇಗಿರುತ್ತದೆ ಎಂದು ವಿಚಾರಿಸುತ್ತಾ ನೀವು ಕೊನೆಯಲ್ಲಿ ಬರೆದಿರುವ ಮಾತೇ ನಿಮ್ಮ ನಿಜವಾದ ಪ್ರಶ್ನೆ ಎಂದು ನನಗೆ ಅನ್ನಿಸಿತು. ವೀಸಾ ಸಿಕ್ಕಾಗ ಅದು ದೇವರ ಕೃಪೆಯೆಂದು ಕೈಮುಗಿದು ಹೊರಟು ಬಂದಿರಿ. ಈಗ ಕೆಲಸ ಉಳಿಯುವ ಭರವಸೆ ಇಲ್ಲ, ಮನಸ್ಸು ಬಿಚ್ಚಿ ಮಾತನಾಡಲು ಹತ್ತಿರದವರಿಲ್ಲ. ಹಾಗಾದರೆ ಆ ಕೃಪೆ ಎಲ್ಲಿ ಹೋಯಿತು, ಬಹುಕಾಲದಿಂದ ಹೊರನಾಡಿನಲ್ಲಿ ನೆಲೆಸಿರುವವರು ನಂಬಿಕೆಯನ್ನು ಹೇಗೆ ಉಳಿಸಿಕೊಂಡಿದ್ದಾರೆ ಎಂದು ಕೇಳಿದ್ದೀರಿ. ಬಾಡಿಗೆ, ಬ್ಯಾಂಕು, ಹವಾಮಾನಗಳ ಬಗ್ಗೆ ನಿಮಗೆ ಬೇರೆಯವರೂ ಹೇಳಬಲ್ಲರು. ನಾನು ಈ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ವೀಸಾ ಮಂಜೂರಾದರೆ ದೇವರು ಒಲಿದ, ತಿರಸ್ಕೃತವಾದರೆ ಮುನಿದ ಎಂದು ಅರ್ಥ ಮಾಡಿಕೊಳ್ಳುವುದನ್ನು ದಯವಿಟ್ಟು ಬಿಡಿ. ವಲಸೆ ಬಂದವರಲ್ಲಿ ಈ ಅಭ್ಯಾಸ ಬೇಗ ಬೇರೂರುತ್ತದೆ, ಏಕೆಂದರೆ ನಮ್ಮ ಬದುಕಿನ ಎಷ್ಟೋ ತೀರ್ಮಾನಗಳು ನಾವು ಮುಖವನ್ನೇ ಕಾಣದ ಅಧಿಕಾರಿಯೊಬ್ಬರ ಪತ್ರದ ಮೂಲಕ ಬರುತ್ತವೆ, ಮತ್ತು ಅಂಥ ಪತ್ರಕ್ಕಾಗಿ ಕಾಯುವಾಗ ಪ್ರಾರ್ಥಿಸದವರು ಕಡಿಮೆ. ಆದರೆ ಹಾಗೆ ಕಟ್ಟಿಕೊಂಡ ನಂಬಿಕೆ ಮೊದಲ ತಿರಸ್ಕಾರಕ್ಕೇ ಕುಸಿಯುತ್ತದೆ. ಮಂಜೂರಾತಿ ಸಿಕ್ಕವರಲ್ಲಿ ಅದೇ ನಂಬಿಕೆ, ಸಿಗದವರ ಭಕ್ತಿಯನ್ನು ಅಳೆಯುವ ಅಹಂಕಾರವಾಗಿ ಬೆಳೆಯುತ್ತದೆ. ಈ ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಆಶ್ಚರ್ಯವಾಗಬಹುದು, ಆದರೆ ಹೊರನಾಡಿನಲ್ಲಿ ನಾನು ಕಂಡಂತೆ ಕಷ್ಟದಿಂದ ದೇವರನ್ನು ಬಿಟ್ಟವರಿಗಿಂತ ಸುಖದಿಂದ ಮರೆತವರೇ ಹೆಚ್ಚು. ಆರಂಭದ ಒಂಟಿತನದಲ್ಲಿ ದಿನಕ್ಕೆ ಹತ್ತು ಬಾರಿ ದೇವರನ್ನು ಕರೆದವರು, ಕಾಯಂ ವಾಸದ ಪರವಾನಗಿ ಬಂದು ಸ್ವಂತ ಮನೆಯಾದ ಮೇಲೆ, ಯಾವ ದ್ವೇಷವೂ ಇಲ್ಲದೆ, ಸುಮ್ಮನೆ ಬಿಡುವಿಲ್ಲವೆಂದು, ಕರೆಯುವುದನ್ನು ನಿಲ್ಲಿಸುತ್ತಾರೆ. ಭಗವದ್ಗೀತೆಯ 7ನೇ ಅಧ್ಯಾಯದಲ್ಲಿ ಕೃಷ್ಣನು ತನ್ನನ್ನು ಭಜಿಸುವ ನಾಲ್ವರನ್ನು ಹೆಸರಿಸುವಾಗ ಮೊದಲು ಹೇಳುವುದು ಆರ್ತನನ್ನು, ಅಂದರೆ ಸಂಕಟದಲ್ಲಿರುವವನನ್ನು. ಮುಂದೆ ಆ ನಾಲ್ವರೂ ಉದಾರರೇ ಎಂದೂ ಹೇಳುತ್ತಾನೆ. ಆದ್ದರಿಂದ ಕಷ್ಟ ಬಂದಾಗ ಮಾತ್ರ ನೆನೆಯುತ್ತಿದ್ದೇನಲ್ಲ ಎಂದು ನೀವು ನಾಚಿಕೊಳ್ಳಬೇಕಾಗಿಲ್ಲ. ಕಷ್ಟ ತೀರಿದ ಮೇಲೂ ಅಲ್ಲೇ ಉಳಿಯಬೇಕೆಂಬ ಆಸೆ ಈಗಲೇ ಇರಲಿ, ಅಷ್ಟೇ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಕುಂತಿಯನ್ನು. ಗಂಡನನ್ನು ಕಳೆದುಕೊಂಡು, ಅರಗಿನ ಮನೆಯಿಂದ ಮಕ್ಕಳೊಂದಿಗೆ ಪಾರಾಗಿ, ಮುಂದೆ ಆ ಮಕ್ಕಳ 13 ವರ್ಷಗಳ ವನವಾಸ ಮತ್ತು ಅಜ್ಞಾತವಾಸವನ್ನು ಸಹಿಸಿದ ಆಕೆ, ಯುದ್ಧ ಮುಗಿದು ಕೃಷ್ಣನು ದ್ವಾರಕೆಗೆ ಹೊರಟಾಗ, ವಿಪತ್ತುಗಳು ಬರುತ್ತಲೇ ಇರಲಿ, ಆಗ ನಿನ್ನ ದರ್ಶನವಾಗುತ್ತದೆ ಎಂದು ಬೇಡುತ್ತಾಳೆ. ಭಾಗವತದ ಮೊದಲ ಸ್ಕಂಧದಲ್ಲಿ ಈ ಪ್ರಾರ್ಥನೆಯಿದೆ. ಆಕೆ ಇದನ್ನು ಬೇಡಿದ್ದು ಸಂಕಟದ ನಡುವೆ ಅಲ್ಲ, ಮಕ್ಕಳು ಗೆದ್ದು ರಾಜ್ಯ ಕೈಗೆ ಬಂದ ಮೇಲೆ ಎಂಬುದನ್ನು ಗಮನಿಸಬೇಕು. ಕುಲ, ಐಶ್ವರ್ಯ, ವಿದ್ಯೆ, ರೂಪಗಳಿಂದ ಮದವೇರಿದವನಿಗೆ ನಿನ್ನ ಹೆಸರನ್ನು ಕರೆಯುವುದೂ ಸಾಧ್ಯವಾಗದು ಎಂದು ಅದೇ ಪ್ರಾರ್ಥನೆಯಲ್ಲಿ ಆಕೆ ಹೇಳುತ್ತಾಳೆ. ಮುಂದೆ ಬರಲಿರುವ ಸುಖದ ದಿನಗಳ ಬಗ್ಗೆ ಆಕೆಗಿದ್ದ ಭಯ ಅದರಲ್ಲಿ ಸ್ಪಷ್ಟವಾಗಿದೆ. ನಾವು ಕಷ್ಟವನ್ನು ಬಯಸಿ ಹೋಗಬೇಕೆಂದು ನಾನು ಇದರಿಂದ ಅರ್ಥ ಮಾಡಿಕೊಂಡಿಲ್ಲ. ಹಾಗೆ ಬೇಡುವ ಶಕ್ತಿ ನನಗೂ ಇಲ್ಲ.

ನಂಬಿಕೆಯಿದ್ದವನು ದೂರಬಾರದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೈಬಲ್ಲಿನ ಯೋಬನು ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡಾಗ, ದೇವರಿಂದ ಒಳ್ಳೆಯದನ್ನು ಪಡೆದ ನಾವು ಕೆಟ್ಟದ್ದನ್ನು ಪಡೆಯಬಾರದೇ ಎಂದು ಹೆಂಡತಿಗೆ ಹೇಳಿದವನು. ಅದೇ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸಿ, ದೇವರೊಂದಿಗೇ ದೀರ್ಘವಾಗಿ ವಾದಿಸಿದವನು. ಕಥೆಯ ಕೊನೆಯಲ್ಲಿ ದೇವರು ಮೆಚ್ಚುವುದು ಅವನ ಮಾತನ್ನೇ ಹೊರತು, ನಿನ್ನ ಪಾಪದಿಂದಲೇ ಇದೆಲ್ಲ ಬಂತು ಎಂದು ಉಪದೇಶಿಸಿದ ಸ್ನೇಹಿತರ ಮಾತನ್ನಲ್ಲ. ನಿಮ್ಮ ಕೋಪವನ್ನೂ ದೇವರ ಮುಂದೆ ಇಡಿ. ದೂರುವುದಕ್ಕೂ ಎದುರಿಗೆ ಒಬ್ಬನಿದ್ದಾನೆಂಬ ನಂಬಿಕೆ ಬೇಕಲ್ಲವೇ?

ನನ್ನ ತಂದೆಯವರು ಕಾಯಿಲೆ ಬಿದ್ದಾಗ ನಾನು ಬಹಳ ಪ್ರಾರ್ಥಿಸಿದೆ; ಅವರು ಉಳಿಯಲಿಲ್ಲ, ನಾನು ಸಮಯಕ್ಕೆ ತಲುಪಲೂ ಆಗಲಿಲ್ಲ. ಏಕೆ ಹಾಗಾಯಿತು ಎಂಬುದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ, ಉತ್ತರ ಗೊತ್ತೆಂದು ನಟಿಸಿ ನಿಮ್ಮನ್ನು ಸಮಾಧಾನಪಡಿಸುವ ಇಷ್ಟವೂ ಇಲ್ಲ. ಆದರೆ ಅವರನ್ನು ಯಾರೂ ಕಂಡರಿಯದ ಈ ನಾಡಿನಲ್ಲಿ, ಅವರನ್ನು ನನಗಿಂತ ಚೆನ್ನಾಗಿ ಬಲ್ಲವನ ಮುಂದೆ ಅತ್ತೆ, ಮತ್ತು ಅದೊಂದರಿಂದ ಆ ವರ್ಷವನ್ನು ದಾಟಿದೆ.

ಇನ್ನು ನಿಮ್ಮ ಈಗಿನ ಚಿಂತೆ. ದೇವರನ್ನು ನಂಬಿದ್ದೇನೆಂದು ಕೈಕಟ್ಟಿ ಕೂರಬೇಡಿ. ಕೆಲಸ ಹೋದರೆ ವೀಸಾದ ಅವಧಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ವಲಸೆ ಕಾನೂನು ಬಲ್ಲ ವಕೀಲರಿಂದ ಈಗಲೇ ತಿಳಿದುಕೊಳ್ಳಿ, ಅರ್ಜಿಗಳನ್ನು ಹಾಕುತ್ತಿರಿ, ಮನೆಯವರಿಂದ ಸಂಗತಿಯನ್ನು ಮುಚ್ಚಿಡಬೇಡಿ. ನಿದ್ದೆ ಬಾರದ ರಾತ್ರಿಗಳು ಹೆಚ್ಚಾದರೆ ವೈದ್ಯರ ಬಳಿಗೆ ಹೋಗಿ, ಅದು ನಂಬಿಕೆಯ ಕೊರತೆಯಲ್ಲ. ಪ್ರಾರ್ಥನೆಗೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ, ಮನಸ್ಸು ಬಾರದ ದಿನವೂ ಆ ಹೊತ್ತಿಗೆ ಕುಳಿತುಕೊಳ್ಳಿ. ಹೊಸ ಕೆಲಸ ಸಿಕ್ಕ ಮರುದಿನವೂ ಅದೇ ಹೊತ್ತಿಗೆ ಕುಳಿತುಕೊಳ್ಳಿ.