ಕೊಡಗಿನ ಕ್ರೈಸ್ತ ಟ್ರಸ್ಟ್‌ಗೆ ಕೊಟ್ಟ ಹಣ ಚರ್ಚಿಗೆ ಹೋಗುತ್ತದೋ, ಕಷ್ಟದಲ್ಲಿರುವವರಿಗೋ?

ಕ್ರೈಸ್ತ ಟ್ರಸ್ಟ್‌ಗೆ ದಾನ ಕೊಟ್ಟರೆ ಅದು ಪಾಸ್ಟರ್ ಸಂಬಳಕ್ಕೆ ಹೋಗುತ್ತದೋ, ಬಡವರಿಗೆ ಮುಟ್ಟುತ್ತದೋ ಎಂದು ಕೇಳಿದ್ದೀರಿ. ನಾನು ಸಿದ್ದಾಪುರ ಕಡೆಯ ಒಂದು ಸಣ್ಣ ಟ್ರಸ್ಟ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ಎರಡಕ್ಕೂ ಹೋಗಬಹುದು. ಆದರೆ ಒಂದೇ ಖಾತೆಯಿಂದ ಹೋಗಬಾರದು.

ಸಭೆಯ, ಅಂದರೆ ಚರ್ಚಿಗೆ ಸೇರಿದ ಜನರ ಸೇವೆಗೆ ಬೇಕಾಗುವುದು ಸಭಾಪಾಲಕರ (ಪಾಸ್ಟರ್) ಸಂಬಳ, ಅವರ ಬೈಕಿಗೆ ಪೆಟ್ರೋಲ್, ಚರ್ಚಿನ ಹೆಂಚು ರಿಪೇರಿ, ಸಂಡೇ ಸ್ಕೂಲ್ ಪುಸ್ತಕ. ಇದಕ್ಕೆ ಸಭೆಯವರ ಕಾಣಿಕೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಇದೆ. ಬೆಳೆ ಹಬ್ಬದ ದಿನ ಜನ ಕಾಫಿ, ಕರಿಮೆಣಸು, ಬಾಳೆಗೊನೆ ತರುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಸೇವೆ ಈ ಹಣದಲ್ಲೇ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾನೂನೂ ಇದನ್ನೇ ಹೇಳುತ್ತದೆ. 80ಜಿ ಮಾನ್ಯತೆ (ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ಮಾನ್ಯತೆ) ಇರುವ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಶೇ. 5ಕ್ಕಿಂತ ಜಾಸ್ತಿ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡುವಂತಿಲ್ಲ. ಒಂದೇ ಧರ್ಮದವರಿಗೆ ಮಾತ್ರ ಎಂದು ಮಾಡಿದ ಟ್ರಸ್ಟ್‌ಗೆ ಆ ಮಾನ್ಯತೆಯೇ ಸಿಗುವುದಿಲ್ಲ.

ಹಾಗಾದರೆ ನೆರವಿನ ಕೆಲಸಕ್ಕೆ ಚರ್ಚ್ ಯಾಕೆ ಬೇಕು ಅನ್ನಿಸಬಹುದು. ಯಾರ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಿರುವುದು ಅಲ್ಲಿಯೇ. ತೋಟದ ಲೈನ್ ಮನೆಗಳಲ್ಲಿರುವ (ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳ) ಜನ ಆಫೀಸಿಗೆ ಬಂದು ಅರ್ಜಿ ಕೊಡುವವರಲ್ಲ. ಸಭಾಪಾಲಕರು ಪ್ರಾರ್ಥನೆಗೆಂದು ಒಂದು ಮನೆಗೆ ಹೋದಾಗ ಪಕ್ಕದ ಮನೆಯ ಸಂಗತಿಯೂ ಕಿವಿಗೆ ಬೀಳುತ್ತದೆ. ಆ ಪಕ್ಕದ ಮನೆಯವರು ಎಷ್ಟೋ ಸಲ ಕ್ರೈಸ್ತರಾಗಿರುವುದಿಲ್ಲ. ಇತ್ತೀಚೆಗಂತೂ ಅಸ್ಸಾಂನಿಂದ ಬಂದ ಕುಟುಂಬಗಳು ಜಾಸ್ತಿ.

ಇಲ್ಲಿಯ ಕಷ್ಟಗಳೂ ಇಲ್ಲಿಯವೇ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಕೆಲಸದ ದಿನ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಶಾಲೆ ಶುರು. ದೊಡ್ಡ ಕಾಯಿಲೆ ಬಂದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆ ಬಿಲ್ ಹೇಗೋ ಆಗುತ್ತದೆ. ಜೊತೆಗೆ ಇದ್ದವರ ಊಟ, ಬಸ್ ಚಾರ್ಜು, ತಪ್ಪಿಹೋದ ಕೂಲಿ? ನಮ್ಮ ಹಣ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ. ಆನೆ ತುಳಿದು ಗಾಯವಾದವರಿಗೆ ಸರ್ಕಾರದ ಪರಿಹಾರ ಇದೆ, ಆದರೆ ಕಾಗದಪತ್ರ ಹೊಂದಿಸಿ ಅರಣ್ಯ ಇಲಾಖೆಗೆ ಅಲೆಯಲು ಒಬ್ಬರು ಬೇಕಲ್ವಾ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಅಕ್ಕಿ, ಬಟ್ಟೆ ರಾಶಿ ರಾಶಿ ಬಂತು. ಕ್ಯಾಂಪ್ ಬಿಟ್ಟ ಮೇಲೆ ಬಾಡಿಗೆ ಮನೆಯ ಅಡ್ವಾನ್ಸ್ ಕೊಡುವವರು ಮಾತ್ರ ಕಡಿಮೆ. ಟ್ರಸ್ಟ್ ನಿಲ್ಲಬೇಕಾದದ್ದು ಅಂಥ ಕಡೆ.

ಆದರೆ ಕಷ್ಟ ತಿಳಿಸುವವರೇ ಹಣ ಯಾರಿಗೆ ಎಂದು ತೀರ್ಮಾನಿಸಬಾರದು. ಇದು ಹೊಸ ಮಾತೇನಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೋಡಿ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಅನ್ಯಾಯವಾಗುತ್ತಿದೆ ಎಂದು ದೂರು ಬಂತು. ಯೇಸುವಿನ ಶಿಷ್ಯರಾದ ಅಪೊಸ್ತಲರು ಬೋಧನೆಯನ್ನು ತಾವು ಇಟ್ಟುಕೊಂಡು ಹಂಚುವ ಕೆಲಸಕ್ಕೆ ಬೇರೆ 7 ಜನರನ್ನು ನೇಮಿಸಿದರು. ಕನ್ನಡ, ಮಲಯಾಳಂ, ತಮಿಳು ಎಲ್ಲ ಮಾತಾಡುವ ನಮ್ಮ ಊರುಗಳಿಗೆ ಆ ದೂರು ಈಗಲೂ ಹೊಂದುತ್ತದೆ. ನಮ್ಮಲ್ಲಿ ಸಭಾಪಾಲಕರು ಹೆಸರು ಹೇಳುತ್ತಾರೆ, ಸಮಿತಿ ಮನೆಗೆ ಹೋಗಿ ನೋಡಿ ತೀರ್ಮಾನಿಸುತ್ತದೆ. ನೆರವು ಪಡೆದವರನ್ನು ಆರಾಧನೆಗೆ ಬನ್ನಿ ಎಂದು ಒತ್ತಾಯಿಸುವುದಿಲ್ಲ, ಫೋಟೋ ಹಿಡಿಯುವುದಿಲ್ಲ. ಕೊಟ್ಟು ಬದಲಿಗೆ ಏನಾದರೂ ಕೇಳಿದರೆ ಅದು ದಾನವಲ್ಲ.

ನೀವು ಕೊಡಬೇಕೆಂದಿರುವ ಟ್ರಸ್ಟ್‌ನವರನ್ನು ಸಂಕೋಚಪಡದೆ ಕೇಳಿ: ಸೇವೆಗೂ ನೆರವಿಗೂ ಬೇರೆ ಖಾತೆ ಇದೆಯಾ, ಯಾರಿಗೆ ಎಂದು ಯಾರು ತೀರ್ಮಾನಿಸುತ್ತಾರೆ, ಕಳೆದ ವರ್ಷದ ಆಡಿಟ್ ವರದಿ ತೋರಿಸುತ್ತೀರಾ? ಮುಜುಗರ ಪಟ್ಟುಕೊಂಡರೆ ಬೇರೆ ಕಡೆ ನೋಡಿ. ಸಭೆಯ ಸೇವೆಗೇ ಕೊಡುವ ಮನಸ್ಸಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ರಸೀದಿ ಪಡೆಯಿರಿ. 80ಜಿ ತೆರಿಗೆ ವಿನಾಯಿತಿ ಬೇಕಿದ್ದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ. ಚೆಕ್ ಅಥವಾ ಯುಪಿಐ ಸಾಕು.