ಶ್ರೀಲಂಕಾಗೆ ಹೋದ ಭಾರತದ ಶಾಂತಿಪಾಲನಾ ಪಡೆ ಐಪಿಕೆಎಫ್ ಎಡವಿದ್ದಕ್ಕೆ ಯಾರು ಕಾರಣ? ಸೇನೆಯೋ, ಗುಪ್ತಚರ ಸಂಸ್ಥೆ ‘ರಾ’ನೋ, ದೆಹಲಿಯೋ?

ಮೂವರಲ್ಲಿ ಒಬ್ಬರನ್ನೇ ಹೇಳು ಅಂದರೆ ನಾನು ದೆಹಲಿ ಅಂತೀನಿ. ಬೇಹುಗಾರಿಕೆ ಕೈಕೊಟ್ಟಿತು, ಕೈಯಲ್ಲಿ ಸರಿಯಾದ ನಕ್ಷೆ ಇರಲಿಲ್ಲ, ಇವೆಲ್ಲ ನಿಜವೇ. ಆದರೆ ಸೇನೆ ಅಲ್ಲಿಗೆ ಹೋಗಿದ್ದು ಯಾವ ಕೆಲಸಕ್ಕೆ ಅನ್ನೋದನ್ನ ಎಲ್ಲರೂ ಒಂದೇ ಕಡೆ ಕೂತು ಇತ್ಯರ್ಥ ಮಾಡಿರಲೇ ಇಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕಾ ಅಧ್ಯಕ್ಷ ಜಯವರ್ಧನೆ ಅಲ್ಲಿನ ತಮಿಳು ಸಂಘರ್ಷ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ (ತಮಿಳು ಟೈಗರ್‌ಗಳು) ಸಹಿ ಹಾಕಲಿಲ್ಲ. ಅದರ ನಾಯಕ ಪ್ರಭಾಕರನ್‌ನನ್ನು ದೆಹಲಿಯ ಅಶೋಕ ಹೋಟೆಲಿನಲ್ಲಿ ಇರಿಸಿಕೊಂಡು ಹೇಗೋ ಹೂಂ ಅನ್ನಿಸಿದ್ದರು, ಅಷ್ಟೆ. ಮರುದಿನದಿಂದಲೇ ಸಿಕಂದರಾಬಾದಿನ 54ನೇ ಡಿವಿಷನ್ ತಮಿಳರ ಊರಾದ ಜಾಫ್ನಾದಲ್ಲಿ ಇಳಿಯತೊಡಗಿತು. ಆಗ ವಿದೇಶಾಂಗ ಖಾತೆಯೂ ರಾಜೀವ್ ಬಳಿಯೇ ಇತ್ತು. ಕೊಲಂಬೊದಲ್ಲಿ ಹೈಕಮಿಷನರ್ ಆಗಿದ್ದ ಜೆ.ಎನ್. ದೀಕ್ಷಿತ್, ಸೇನಾ ಮುಖ್ಯಸ್ಥ ಸುಂದರ್‌ಜಿ, ‘ರಾ’ ಎಲ್ಲರಿಗೂ ಪ್ರಧಾನಿಯ ಬಾಗಿಲು ತೆರೆದಿತ್ತು, ಆದರೆ ಅವರವರ ನಡುವಿನ ಬಾಗಿಲುಗಳು ಅಷ್ಟು ಸಲೀಸಾಗಿ ತೆರೆಯುತ್ತಿರಲಿಲ್ಲ. ಇವರನ್ನೆಲ್ಲ ಒಂದೆಡೆ ಕೂರಿಸುವ ರಾಷ್ಟ್ರೀಯ ಭದ್ರತಾ ಮಂಡಳಿ ಗಟ್ಟಿಯಾಗಿ ನೆಲೆಯೂರಿದ್ದು 1998ರಲ್ಲಿ. ಮೂರೂ ಪಡೆಗಳನ್ನು ಒಂದುಗೂಡಿಸುವ ಸಿಡಿಎಸ್ ಹುದ್ದೆ ಬರೋಕೆ ಇನ್ನೂ ಎರಡು ದಶಕ ಬೇಕಾಯಿತು.

ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಎಲ್‌ಟಿಟಿಇ ಕಾಣುತ್ತಿತ್ತು. 1983ರಿಂದ ತಮಿಳು ಉಗ್ರಗಾಮಿ ಗುಂಪುಗಳಿಗೆ ತರಬೇತಿ ಕೊಟ್ಟ ‘ರಾ’ಗೆ ಇವರು ನಮ್ಮೋರೇ, ನಮ್ಮ ಮೇಲೆ ಗುಂಡು ಹಾರಿಸಲ್ಲ ಅನ್ನೋ ಭರವಸೆ. ದೀಕ್ಷಿತರಿಗೆ ಒಪ್ಪಂದ ಉಳಿದರೆ ಸಾಕು. ತಮಿಳುನಾಡು ಮುಖ್ಯಮಂತ್ರಿ ಎಂಜಿಆರ್ ಅಂತೂ ಬಹಿರಂಗವಾಗಿಯೇ ಪ್ರಭಾಕರನ್ ಪರ. ಒಪ್ಪಂದಕ್ಕೂ ಮುಂಚೆ, ಜೂನ್ 4ರಂದು, ಲಂಕಾ ಸೇನೆಯ ಮುತ್ತಿಗೆಯಲ್ಲಿದ್ದ ಜಾಫ್ನಾ ಮೇಲೆ ಆಹಾರ ಉದುರಿಸಿ ಬಂದ ಎಎನ್-32 ವಿಮಾನಗಳು ಹೊರಟಿದ್ದು ನಮ್ಮ ಬೆಂಗಳೂರಿನಿಂದಲೇ. ಅದೇ ಜಾಫ್ನಾದ ಬೀದಿಗಳಲ್ಲಿ ನಾಲ್ಕು ತಿಂಗಳಿಗೆ ನಮ್ಮ ಸೇನೆ ಯುದ್ಧಕ್ಕೆ ನಿಂತಿತ್ತು.

ಎಲ್ಲ ಕೆಟ್ಟಿದ್ದು ಅಕ್ಟೋಬರ್ ಮೊದಲ ವಾರದಲ್ಲಿ. 3ನೇ ತಾರೀಕು ಲಂಕಾ ನೌಕಾಪಡೆ ಸಮುದ್ರದಲ್ಲಿ 17 ಟೈಗರ್‌ಗಳನ್ನು ಹಿಡಿಯಿತು. ಅವರಲ್ಲಿ ಕುಮಾರಪ್ಪ, ಪುಲೇಂದ್ರನ್ ದೊಡ್ಡ ತಲೆಗಳು. ಪಲಾಲಿ ವಾಯುನೆಲೆಯಲ್ಲಿ ಕೂಡಿಹಾಕಿದರು. ಕೊಲಂಬೊಗೆ ಒಯ್ದೇ ಒಯ್ತೀವಿ ಅಂತ ಲಂಕಾದ ಭದ್ರತಾ ಸಚಿವ ಅತುಲತ್‌ಮುದಲಿ ಹಟ ಹಿಡಿದರು. ದೀಕ್ಷಿತ್ ಜಯವರ್ಧನೆಯವರ ಮನವೊಲಿಸಲು ನೋಡಿದರು, ಆಗಲಿಲ್ಲ. ನಮ್ಮ ಸೈನಿಕರು ಅದೇ ಪಲಾಲಿಯಲ್ಲಿದ್ದರೂ ಮಧ್ಯೆ ಬರುವಂತಿರಲಿಲ್ಲ. 5ರಂದು ಆ ಟೈಗರ್‌ಗಳು ಸಯನೈಡ್ ಕಚ್ಚಿದರು, 12 ಮಂದಿ ಸತ್ತರು. ಐದು ದಿನಕ್ಕೆ ಎಲ್‌ಟಿಟಿಇ ಕೈಯಿಂದ ಜಾಫ್ನಾ ಕಿತ್ತುಕೊಳ್ಳುವ ‘ಆಪರೇಷನ್ ಪವನ್’ ಶುರು. ಶಾಂತಿ ಕಾಯಲು ಹೋದ ಡಿವಿಷನ್ನಿಗೇ ಊರು ಗೆಲ್ಲುವ ಕೆಲಸ ಬಿತ್ತು. 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ ಹೆಲಿಕಾಪ್ಟರಿನಲ್ಲಿ ಇಳಿದ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು, ಉಳಿದೊಬ್ಬರು ಸೆರೆಸಿಕ್ಕರು.

ಡಿವಿಷನ್ ಕಮಾಂಡರ್ ಹರ್ಕಿರತ್ ಸಿಂಗ್ ಆಮೇಲೆ ಒಂದು ಮಾತು ಬರೆದರು. ಸೆಪ್ಟೆಂಬರಿನಲ್ಲಿ ಮಾತುಕತೆಗೆ ಬರುವ ಪ್ರಭಾಕರನ್‌ನನ್ನು ಹಿಡಿಯಿರಿ, ಇಲ್ಲವೇ ಗುಂಡಿಕ್ಕಿ ಎಂದು ದೀಕ್ಷಿತ್ ಫೋನಿನಲ್ಲಿ ಹೇಳಿದರಂತೆ, ತಾವು ಒಪ್ಪಲಿಲ್ಲವಂತೆ. ಇದು ಹರ್ಕಿರತ್ ಅವರ ಕಡೆಯ ಕಥೆ, ಹಾಗೆಂದೇ ಓದಿಕೊಳ್ಳಿ. ಆದರೆ ರಾಯಭಾರಿ ಜನರಲ್‌ಗೆ ಆದೇಶ ಕೊಡಬಹುದಾ ಅನ್ನೋದೇ ಸ್ಪಷ್ಟ ಇಲ್ಲದ ಕಡೆ ಇಂಥ ಕಥೆ ಹುಟ್ಟೋದರಲ್ಲಿ ಆಶ್ಚರ್ಯವಿಲ್ಲ.

ಮುಂದಿನದೆಲ್ಲ ಎಳೆದಾಟ. ಜಾಫ್ನಾದಲ್ಲಿ ಸೇನೆ ಕಾದಾಡುತ್ತಿದ್ದರೆ ಟೈಗರ್ ನಾಯಕ ಕಿಟ್ಟು ಚೆನ್ನೈನಲ್ಲಿ ಕೂತಿದ್ದ, ಅವನೊಂದಿಗೆ ನಮ್ಮವರೇ ಮಾತಾಡುತ್ತಿದ್ದರು. ಲಂಕಾದಲ್ಲಿ ಪ್ರೇಮದಾಸ ಅಧ್ಯಕ್ಷರಾದ ಮೇಲೆ ಗಂಟುಮೂಟೆ ಕಟ್ಟಿ ಅಂದರು. ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಹಡಗು ಹತ್ತಿತು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಕರುಣಾನಿಧಿ ಆ ಸೈನಿಕರನ್ನು ಸ್ವಾಗತಿಸಲೂ ಹೋಗಲಿಲ್ಲ.

ರಾಜೀವ್ ಸರ್ಕಾರಕ್ಕೆ ಇದೆಲ್ಲ ಬರುತ್ತಲೇ ಇರಲಿಲ್ಲ ಅಂತ ಕಾಮೆಂಟಿನಲ್ಲಿ ಹೇಳೋರಿಗೆ ಮಾಲ್ಡೀವ್ಸ್ ನೆನಪಿಸಬೇಕು. 1988ರ ನವೆಂಬರ್ 3ರಂದು ಲಂಕಾದ್ದೇ ತಮಿಳು ಗುಂಪಾದ ಪ್ಲೋಟ್‌ನವರು ಅದರ ರಾಜಧಾನಿ ಮಾಲೆಗೆ ನುಗ್ಗಿದರು, ಅಧ್ಯಕ್ಷ ಗಯೂಮ್ ಸಹಾಯ ಕೇಳಿದರು, ಆಗ್ರಾದಿಂದ ಹೊರಟ ಪ್ಯಾರಾ ಪಡೆ ಅದೇ ರಾತ್ರಿ ವಿಮಾನ ನಿಲ್ದಾಣವಿರುವ ಹುಳುಲೆ ದ್ವೀಪದಲ್ಲಿ ಇಳಿಯಿತು. ಕೆಲಸ ಒಂದೇ, ಅಧ್ಯಕ್ಷರನ್ನು ಉಳಿಸುವುದು. ಆ ದಿನ ದೆಹಲಿಯಲ್ಲಿದ್ದ ಮಾಲೆಯ ನಮ್ಮ ರಾಯಭಾರಿ ಕೂಡ ಬ್ರಿಗೇಡಿಯರ್ ಜೊತೆ ಅದೇ ವಿಮಾನ ಹತ್ತಿದ್ದರು.